ಹಾರ್ಡ್‌ಡಿಸ್ಕ್ ಮೇಲೆ ನಿಗಾ ಇಡುವುದು, ಕೆಲಸಕ್ಕೆ ಹಾಕುವ ಮುನ್ನ ದುಡಿಸಿ ನೋಡುವುದು

ಸಕಲೇಶಪುರ, ಮೂಡಿಗೆರೆ ಕಡೆಯ ಹೋಂಸ್ಟೇಗಳಲ್ಲಿ ಸಿಸಿಟಿವಿ ರೆಕಾರ್ಡ್ ಮಾಡುವ ಡಿವಿಆರ್, ಹಾಸನದ ಸ್ಟುಡಿಯೊಗಳಲ್ಲಿ ಮದುವೆ ಫೋಟೊ ತುಂಬಿದ ಡಿಸ್ಕು, ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಟ್ಯಾಲಿ ಕಂಪ್ಯೂಟರು. ನಮ್ಮ ಕಡೆ ರಿಪೇರಿಗೆ ಬರುವ ಡಿಸ್ಕುಗಳು ಹೆಚ್ಚಾಗಿ ಇಂಥ ಜಾಗದವು. ತಂದವರ ಮಾತೂ ಹೆಚ್ಚುಕಮ್ಮಿ ಒಂದೇ: "ಸಾಫ್ಟ್‌ವೇರ್‌ನಲ್ಲಿ ಗುಡ್ ಅಂತಾನೇ ತೋರಿಸ್ತಿತ್ತಲ್ಲ ಅಣ್ಣ, ಹೆಂಗೆ ಹೋಯ್ತು?"

'ಗುಡ್' ಎಂಬ ಒಂದು ಪದ ನೋಡಿ ಡಿಸ್ಕನ್ನು ನಂಬಬಾರದು. ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಾಯುವ ಮುಂಚೆ ಸ್ಮಾರ್ಟ್‌ನ, ಅಂದರೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಅಂಕಿಗಳ, ನಾಲ್ಕು ಮುಖ್ಯ ಲೆಕ್ಕಗಳಲ್ಲಿ ಏನನ್ನೂ ತೋರಿಸಿರಲಿಲ್ಲ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳುತ್ತದೆ: ಸ್ಕ್ಯಾನ್‌ನಲ್ಲಿ ಮೊದಲ ಎರರ್ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ಎರರ್ ಇಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಅಂದರೆ ಸಾಫ್ಟ್‌ವೇರ್ ಸುಮ್ಮನಿದ್ದರೆ ಡಿಸ್ಕು ಗಟ್ಟಿಯಿದೆ ಎಂದೇನೂ ಅಲ್ಲ, ಆದರೆ ಅದು ಬಾಯಿಬಿಟ್ಟರೆ ತಕ್ಷಣ ಕೇಳಬೇಕು. ಕೇಳುವುದು ಹೇಗೆಂದರೆ, ಅಂಕಿಗಳನ್ನು ಬರೆದಿಟ್ಟುಕೊಂಡು, ಡಿಸ್ಕನ್ನು ಪೂರ್ತಿ ಓದಿಸಿ, ಬರೆಸಿ, ಮತ್ತೆ ಅದೇ ಅಂಕಿಗಳನ್ನು ನೋಡಬೇಕು. ಒಂದು ದಿನದ ಅಂಕಿ ಏನನ್ನೂ ತೀರ್ಮಾನಿಸುವುದಿಲ್ಲ. ಪರೀಕ್ಷೆಯ ಮೊದಲು ಮತ್ತು ನಂತರದ ವ್ಯತ್ಯಾಸವೇ ತೀರ್ಪು.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಮಾರ್ಚ್-ಏಪ್ರಿಲ್‌ನ ಹೂಮಳೆಯಿಂದ ಹಿಡಿದು ಮಳೆಗಾಲ ಮುಗಿಯುವ ತನಕ ಗುಡುಗು, ಮಿಂಚು, ಲೈನ್ ಮೇಲೆ ಮರ ಬೀಳುವುದು, ಕರೆಂಟು ಹೋಗಿಬಂದು ಮಾಡುವುದು ಇದ್ದದ್ದೇ. ಕರೆಂಟಿನ ದೋಷ, ಕೇಬಲ್ಲಿನ ದೋಷ, ಡಿಸ್ಕಿನದೇ ದೋಷ ಮೂರೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಇವನ್ನು ಬೇರೆ ಮಾಡದೆ ಒಳ್ಳೆಯ ಡಿಸ್ಕನ್ನು ಗುಜರಿಗೆ ಹಾಕುವವರೂ ಇದ್ದಾರೆ, ಸಾಯುತ್ತಿರುವ ಡಿಸ್ಕಿಗೆ ಕೇಬಲ್ ಬದಲಿಸಿ ವಾಪಸ್ ಕೊಡುವವರೂ ಇದ್ದಾರೆ.

ಮೊದಲು ಡೇಟಾ, ಆಮೇಲೆ ಪರೀಕ್ಷೆ

ಬೇರೆಲ್ಲೂ ಕಾಪಿ ಇಲ್ಲದ ಡೇಟಾ ಇರುವ ಡಿಸ್ಕಿನ ಮೇಲೆ ಯಾವ ಭಾರದ ಪರೀಕ್ಷೆಯನ್ನೂ ಮಾಡಬಾರದು. ಟಕ್ ಟಕ್ ಎಂದು ಒಂದೇ ಲಯದಲ್ಲಿ ಶಬ್ದ ಬರುತ್ತಿದ್ದರೆ, ತಿರುಗಲು ಶುರುಮಾಡಿ ನಿಲ್ಲುತ್ತಿದ್ದರೆ, ಬಯಾಸ್‌ನಲ್ಲಿ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತಿದ್ದರೆ ಪವರ್ ತೆಗೆಯಿರಿ. ಡೇಟಾ ಬೇಕೇಬೇಕಿದ್ದರೆ ಅದು ರಿಕವರಿ ಮಾಡುವವರ ಕೆಲಸ. ಪ್ರತಿ ಸಲ ಆನ್ ಮಾಡಿದಾಗಲೂ ಸಿಗುವ ಡೇಟಾ ಕಡಿಮೆಯಾಗುತ್ತ ಹೋಗುತ್ತದೆ.

ಶಬ್ದವಿಲ್ಲ, ಆದರೆ ಫೈಲುಗಳು ತೆರೆಯಲು ತಡವಾಗುತ್ತಿವೆ ಎಂದಾದರೆ ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕನ್ನು ಇನ್ನೊಂದಕ್ಕೆ ಇಳಿಸಿಕೊಳ್ಳಿ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಿಬರುವುದನ್ನೆಲ್ಲ ಎತ್ತಿಕೊಂಡು, ಕಷ್ಟದ ಜಾಗಗಳನ್ನು ಕೊನೆಗೆ ಬಿಡುತ್ತದೆ. ಎಲ್ಲಿಯ ತನಕ ಕಾಪಿ ಆಯಿತೆಂದು ಬರೆದಿಡುವ ಮ್ಯಾಪ್ ಫೈಲ್ ಕೊಟ್ಟು ಶುರುಮಾಡಿದರೆ ನಡುವೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಮ್ಯಾಪ್ ಫೈಲನ್ನು ಲೈವ್ ಸಿಸ್ಟಮ್ಮಿನ ಒಳಗೆ ಇಡಬೇಡಿ, ರೀಸ್ಟಾರ್ಟ್ ಆದರೆ ಅದು ಅಳಿಸಿಹೋಗುತ್ತದೆ. ಬೇರೆ ಪೆನ್‌ಡ್ರೈವ್‌ನಲ್ಲಿಡಿ.

ಇಂಥ ಡಿಸ್ಕಿನ ಮೇಲೆ ವಿಂಡೋಸ್‌ನ ಚೆಕ್‌ಡಿಸ್ಕನ್ನು 'ಆರ್' ಆಯ್ಕೆಯೊಂದಿಗೆ ಓಡಿಸುವ ಅಭ್ಯಾಸ ಬಹಳ ಜನರಿಗಿದೆ. ಅದು ಫೈಲ್ ಸಿಸ್ಟಮ್ಮನ್ನು ಸರಿಮಾಡಲು ಹೊರಟು, ಓದಲು ಬಾರದ ಫೈಲುಗಳ ತುಂಡುಗಳನ್ನು ಕತ್ತರಿಸಿ ಹಾಕುತ್ತದೆ. ಕಾಪಿ ಆಗುವ ತನಕ ಅದರ ಕಡೆ ಕೈ ಹಾಕಬೇಡಿ.

ಟೇಬಲ್ ಮೇಲೆ ಬೇಕಾದದ್ದು

ಹಾಸನವಾಗಲಿ ಚಿಕ್ಕಮಗಳೂರಾಗಲಿ ಪರೀಕ್ಷೆ ಕೆಡುವುದು ಬಹುಪಾಲು ಪವರ್‌ನಿಂದ. 3.5 ಇಂಚಿನ ಡಿಸ್ಕಿಗೆ ತಿರುಗಲು ಶುರುವಾಗುವ ಹೊತ್ತಿನಲ್ಲಿ 12 ವೋಲ್ಟ್ ಲೈನಿನಲ್ಲಿ ಸುಮಾರು 2 ಆಂಪಿಯರ್ ಬೇಕು. ಡಿಸ್ಕನ್ನು ನಿಲ್ಲಿಸಿ ಯುಎಸ್‌ಬಿಗೆ ಜೋಡಿಸುವ ಡಾಕಿಂಗ್ ಸ್ಟೇಷನ್ ಬಳಸುವುದಾದರೆ 12 ವೋಲ್ಟ್, ಕನಿಷ್ಠ 2 ಆಂಪಿಯರ್ ಎಂದು ಬರೆದಿರುವ ಅಡಾಪ್ಟರ್ ಇರಲಿ. ಹಳೆಯ ರೂಟರಿನ 1 ಆಂಪಿಯರ್ ಅಡಾಪ್ಟರ್ ಪಿನ್ ಹೊಂದಿತೆಂದು ಹಾಕಬೇಡಿ. 2.5 ಇಂಚಿನದು 5 ವೋಲ್ಟ್‌ನಲ್ಲೇ ಓಡುತ್ತದೆ, ಆದರೆ ಶುರುವಿನಲ್ಲಿ ಅದೂ 1 ಆಂಪಿಯರ್ ಹತ್ತಿರ ಎಳೆಯಬಹುದು. ಯುಎಸ್‌ಬಿ 2 ಪೋರ್ಟ್ ನಿಯಮದ ಪ್ರಕಾರ ಕೊಡುವುದು 500 ಮಿಲಿ ಆಂಪಿಯರ್, ಯುಎಸ್‌ಬಿ 3 ಕೊಡುವುದು 900. ಕ್ಯಾಬಿನೆಟ್‌ನ ಮುಂದಿನ ಪೋರ್ಟಿಗೆ ಉದ್ದನೆಯ ತೆಳು ಕೇಬಲ್ ಹಾಕಿದರೆ ಒಳ್ಳೆಯ ಡಿಸ್ಕೂ ಟಿಕ್ ಟಿಕ್ ಎನ್ನುತ್ತ ಮೇಲೇಳದೆ ಕೂರುತ್ತದೆ. ಹಿಂದಿನ ಪೋರ್ಟಿಗೆ ಗಿಡ್ಡ ಕೇಬಲ್ ಹಾಕಿ ನೋಡಿದ ಮೇಲೆಯೇ ಡಿಸ್ಕ್ ಕೆಟ್ಟಿದೆ ಎನ್ನಿ.

ಕರೆಂಟು ಹೋಗುವ ಊರಿನಲ್ಲಿ 2.5 ಇಂಚಿನ ಡಿಸ್ಕಿನ ಪರೀಕ್ಷೆಗೆ ಬ್ಯಾಟರಿ ಗಟ್ಟಿಯಿರುವ ಲ್ಯಾಪ್‌ಟಾಪೇ ಒಳ್ಳೆಯದು. ಡಿಸ್ಕಿನ ಪವರ್ ಲ್ಯಾಪ್‌ಟಾಪಿನಿಂದಲೇ ಬರುವುದರಿಂದ ಅರ್ಧ ಗಂಟೆಯ ಕಡಿತ ಲೆಕ್ಕಕ್ಕೇ ಬರುವುದಿಲ್ಲ. 3.5 ಇಂಚಿನದಕ್ಕೆ ಇನ್ವರ್ಟರ್ ಬೇಕು. ಮನೆ ಇನ್ವರ್ಟರ್ ಆದರೆ ಅದರ ಹಿಂಬದಿಯ ಅಥವಾ ಮುಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ. ಸಾಮಾನ್ಯ ಮೋಡ್‌ನಲ್ಲಿ ಕರೆಂಟು ಬದಲಾಗುವ ಆ ಕ್ಷಣಾರ್ಧ ಫ್ಯಾನು, ಲೈಟಿಗೆ ಸಾಕು, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಿಬಿಡುತ್ತದೆ. 600 ವಿಎ ಯುಪಿಎಸ್ ಒಂದೇ ಇದ್ದರೆ ಅದು ಶಟ್‌ಡೌನ್ ಮಾಡಲಿಕ್ಕೆ ಅಷ್ಟೇ, ಇಡೀ ದಿನದ ಪರೀಕ್ಷೆಗೆ ಅಲ್ಲ. ಹಳೆಯ ನಾಲ್ಕು ಪಿನ್ನಿನ ಮೋಲೆಕ್ಸ್ ಪವರ್‌ನಿಂದ ಈಗಿನ ಡಿಸ್ಕುಗಳ ಸಾಟಾಗೆ ಬದಲಿಸುವ ಅಗ್ಗದ ಅಚ್ಚೊತ್ತಿದ ಕನೆಕ್ಟರನ್ನು ರಾತ್ರಿಯಿಡೀ ಬಿಡಬೇಡಿ, ಒಳಗೆ ವೈರುಗಳು ಒಂದಕ್ಕೊಂದು ತಗುಲಿ ಸುಟ್ಟ ಉದಾಹರಣೆಗಳಿವೆ.

ಇನ್ನು ತೇವ. ಮಳೆಗಾಲದಲ್ಲಿ ತಣ್ಣನೆಯ ಎಸ್ಟೇಟ್ ಆಫೀಸಿನಿಂದ ತಂದ ಡಿಸ್ಕನ್ನು ಬೆಚ್ಚಗಿನ ಕೋಣೆಯಲ್ಲಿ ತಕ್ಷಣ ಆನ್ ಮಾಡಬೇಡಿ. ಬೋರ್ಡಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪಸೆ ಕೂತಿರುತ್ತದೆ. ಮುಚ್ಚಿದ ಕವರಿನಲ್ಲೇ ಎರಡು-ಮೂರು ಗಂಟೆ ಬಿಟ್ಟು, ಕೋಣೆಯ ಬಿಸಿಗೆ ಬಂದಮೇಲೆ ಹೊರತೆಗೆಯಿರಿ. ಸಾಟಾ ಪಿನ್ನುಗಳು ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಮೇಲ್ಮೈಯಲ್ಲಿ 'ಈ ರಂಧ್ರ ಮುಚ್ಚಬೇಡಿ' ಎಂಬರ್ಥದ ಬರಹ ಇರುವ ಸಣ್ಣ ತೂತಿರುತ್ತದೆ, ಅದರ ಮೇಲೆ ನಿಮ್ಮ ಅಂಗಡಿಯ ಸ್ಟಿಕ್ಕರ್ ಅಂಟಿಸಬೇಡಿ. ಹೀಲಿಯಂ ತುಂಬಿದ ದೊಡ್ಡ ಡಿಸ್ಕುಗಳಿಗೆ ಮಾತ್ರ ಅದು ಇರುವುದಿಲ್ಲ. ಎತ್ತರದ ಬಗ್ಗೆ ಕೆಲವರು ಕೇಳುತ್ತಾರೆ: ಸಾಮಾನ್ಯ ಡಿಸ್ಕುಗಳಿಗೆ ಸುಮಾರು 3,000 ಮೀಟರ್ ತನಕ ಅನುಮತಿ ಇದೆ, ಚಿಕ್ಕಮಗಳೂರು ಇರುವುದು 1,100 ಮೀಟರ್ ಆಸುಪಾಸಿನಲ್ಲಿ. ಅದರ ಚಿಂತೆ ಬೇಡ.

ಅರಸೀಕೆರೆ, ಕಡೂರಿನ ಬೇಸಿಗೆಯಲ್ಲಿ ಚಿಂತೆ ಬಿಸಿಯದು. ಡಾಕ್‌ನಲ್ಲಿ ನಿಲ್ಲಿಸಿದ ಡಿಸ್ಕಿಗೆ ಗಾಳಿ ಸುಳಿಯದಿದ್ದರೆ ಪೂರ್ತಿ ಬರೆಯುವ ಪರೀಕ್ಷೆಯಲ್ಲಿ ಅದು 55 ಡಿಗ್ರಿ ದಾಟಬಹುದು. ಹಳೆಯ ಕ್ಯಾಬಿನೆಟ್‌ನ 120 ಎಂಎಂ ಫ್ಯಾನೊಂದನ್ನು ಎದುರಿಗೆ ಇಟ್ಟರೆ ಸಾಕು. 50ರ ಒಳಗೆ ಇರಿಸಿ, 55 ಮುಟ್ಟಿದರೆ ನಿಲ್ಲಿಸಿ.

ಅಂಕಿಗಳನ್ನು ಓದುವುದು

ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ. ಉಚಿತ, ಪೋರ್ಟಬಲ್ ಆವೃತ್ತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಓಡಾಡಬಹುದು. ತೆರೆದ ಕೂಡಲೇ ಮಾಡಬೇಕಾದ ಕೆಲಸವೊಂದಿದೆ: 'ಫಂಕ್ಷನ್' ಮೆನು, ಅದರಲ್ಲಿ 'ಅಡ್ವಾನ್ಸ್ಡ್ ಫೀಚರ್', ಅದರಲ್ಲಿ 'ರಾ ವ್ಯಾಲ್ಯೂಸ್', ಅಲ್ಲಿ 10 ಎಂದಿರುವ ದಶಮಾನವನ್ನು ಆರಿಸಿ. ಮೊದಲಿಗೆ ಅದು ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ತೋರಿಸುತ್ತಿರುತ್ತದೆ. 10 ಎಂದು ಕಂಡದ್ದು ನಿಜವಾಗಿ 16 ಆಗಿರುತ್ತದೆ. ಸೀರಿಯಲ್ ನಂಬರನ್ನು ಡಿಸ್ಕಿನ ಲೇಬಲ್ ಜೊತೆ ತಾಳೆ ನೋಡಿ, 'ಎಡಿಟ್' ಮೆನುವಿನ 'ಕಾಪಿ' ಒತ್ತಿ ಎಲ್ಲವನ್ನೂ ಒಂದು ಟೆಕ್ಸ್ಟ್ ಫೈಲಿಗೆ ಅಂಟಿಸಿ, ಸೀರಿಯಲ್ ನಂಬರ್ ಮತ್ತು ತಾರೀಖನ್ನೇ ಫೈಲಿನ ಹೆಸರಾಗಿ ಇಡಿ. ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಇದೇ ಕೆಲಸ ಮಾಡುತ್ತದೆ. ಕಮಾಂಡ್ ಬೇಡವೆಂದರೆ ಅದಕ್ಕೇ ಕಿಟಕಿ ಕೊಟ್ಟ ಜಿಸ್ಮಾರ್ಟ್‌ಕಂಟ್ರೋಲ್ ಇದೆ, ಅದು ವಿಂಡೋಸ್‌ನಲ್ಲೂ ಓಡುತ್ತದೆ.

ಪಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾಲು ಇದ್ದರೂ ಮೊದಲು ನೋಡಬೇಕಾದದ್ದು ಮೂರು. 05 ಎಂದಿರುವುದು, ಕೆಟ್ಟುಹೋಗಿ ಬದಲಿ ಜಾಗಕ್ಕೆ ವರ್ಗವಾದ ಸೆಕ್ಟರುಗಳ, ಅಂದರೆ ಡೇಟಾ ಇಡುವ ಸಣ್ಣ ತುಂಡು ಜಾಗಗಳ ಲೆಕ್ಕ. ಸಿ5 ಎಂದಿರುವುದು, ಓದಲು ತಕರಾರು ಮಾಡಿ ತೀರ್ಮಾನಕ್ಕಾಗಿ ಕಾಯುತ್ತಿರುವ ಪೆಂಡಿಂಗ್ ಸೆಕ್ಟರುಗಳು. ಸಿ6 ಎಂದಿರುವುದು, ಡಿಸ್ಕು ತಾನೇ ತಪಾಸಣೆ ಮಾಡಿದಾಗ ಸರಿಪಡಿಸಲಾಗದೆ ಉಳಿದವು. ಕೆಲವು ಕಂಪನಿಗಳ ಡಿಸ್ಕಿನಲ್ಲಿ ಬಿಬಿ ಎಂಬ ಸಾಲೂ ಇರುತ್ತದೆ, ಕಂಪ್ಯೂಟರ್ ಕೇಳಿದ ಡೇಟಾವನ್ನು ಕೊಡಲಾಗದೆ ಡಿಸ್ಕು ಕೈಚೆಲ್ಲಿದ ಸಲಗಳು. ಇದು ಒಂದಿದ್ದರೂ ನಿರ್ಲಕ್ಷಿಸಬೇಡಿ.

ಸಿ5ರ ಬಗ್ಗೆ ಸ್ವಲ್ಪ ನಿಲ್ಲಬೇಕು, ನಮ್ಮ ಕಡೆ ಅತಿ ಹೆಚ್ಚು ತಪ್ಪು ತೀರ್ಮಾನ ಆಗುವುದು ಇದರಲ್ಲೇ. ಬರೆಯುತ್ತಿರುವಾಗ ಕರೆಂಟು ಹೋದರೆ ಸೆಕ್ಟರ್ ಅರ್ಧ ಬರೆದು ನಿಲ್ಲಬಹುದು. ಒಳಗಿನ ಡೇಟಾಕ್ಕೂ ಅದರ ತಾಳೆ ನೋಡುವ ಕೋಡಿಗೂ ಹೊಂದಾಣಿಕೆ ಇರುವುದಿಲ್ಲ. ಮುಂದೆ ಓದಲು ಹೋದಾಗ ಡಿಸ್ಕು ಅದನ್ನು ಪೆಂಡಿಂಗ್ ಪಟ್ಟಿಗೆ ಸೇರಿಸುತ್ತದೆ. ಆದರೆ ಅಲ್ಲಿನ ಲೋಹದ ಪದರಕ್ಕೆ ಏನೂ ಆಗಿರುವುದಿಲ್ಲ. ಆ ಸೆಕ್ಟರಿನ ಮೇಲೆ ಹೊಸದಾಗಿ ಬರೆದರೆ ಡಿಸ್ಕು ಪರೀಕ್ಷಿಸಿ, ಸರಿಯಿದೆ ಎಂದು ಕಂಡರೆ ಪೆಂಡಿಂಗ್‌ನಿಂದ ತೆಗೆಯುತ್ತದೆ, 05 ಏರುವುದಿಲ್ಲ. ಪದರವೇ ಕೆಟ್ಟಿದ್ದರೆ ಬರೆದಾಗ ಬದಲಿ ಜಾಗಕ್ಕೆ ವರ್ಗಾಯಿಸುತ್ತದೆ, 05 ಏರುತ್ತದೆ. ಆದ್ದರಿಂದ ಸಿ5ರಲ್ಲಿ 8 ಅಥವಾ 16 ಕಂಡಾಗಲೇ ಡಿಸ್ಕ್ ಸತ್ತಿತೆಂದು ಹೇಳಲಾಗದು. ಬರೆಸಿ ನೋಡಿದರೆ ತಾನೇ ಹೇಳುತ್ತದೆ. ಎಂಟರ ಮಗ್ಗಿಯಲ್ಲೇ ಹೆಚ್ಚಾಗಿ ಬರುವುದೇಕೆಂದರೆ, ಈಗಿನ ಡಿಸ್ಕುಗಳ ನಿಜವಾದ ಸೆಕ್ಟರ್ 4,096 ಬೈಟಿನದು, ಲೆಕ್ಕ ಕೊಡುವುದು 512 ಬೈಟಿನ ತುಂಡುಗಳಲ್ಲಿ. ಒಂದು ಕೆಟ್ಟರೆ ಎಂಟು ಎಂದು ಕಾಣುತ್ತದೆ.

ಸಿ7 ಬೇರೆಯದೇ ಕಥೆ. ಡಿಸ್ಕಿಗೂ ಬೋರ್ಡಿಗೂ ನಡುವೆ ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ ಅದು. ಕಾರಣ ಬಹುತೇಕ ಕೇಬಲ್, ಸಡಿಲ ಕನೆಕ್ಟರ್ ಅಥವಾ ತುಕ್ಕುಹಿಡಿದ ಪಿನ್. ಈ ಅಂಕಿ ಎಂದೂ ಇಳಿಯುವುದಿಲ್ಲ, ಕೇಬಲ್ ಬದಲಿಸಿದ ಮೇಲೂ 340 ಇದ್ದದ್ದು 340 ಎಂದೇ ಉಳಿಯುತ್ತದೆ. ಏರದೆ ನಿಂತರೆ ಕೆಲಸ ಮುಗಿಯಿತು.

09 ಓಡಿದ ಗಂಟೆಗಳು. ವರ್ಷಕ್ಕೆ 8,760 ಗಂಟೆ. ಹಗಲುರಾತ್ರಿ ಓಡುವ ಡಿವಿಆರ್ ಡಿಸ್ಕಿನಲ್ಲಿ 35,000 ಕಂಡರೆ ಅದು ನಾಲ್ಕು ವರ್ಷ ದುಡಿದಿದೆ. ಸಿ1, ತಟ್ಟೆಯ ಮೇಲೆ ಓದಿ ಬರೆಯುವ ಹೆಡ್ಡುಗಳು ಪಕ್ಕಕ್ಕೆ ಹೋಗಿ ಕೂತ ಸಲಗಳು. ಡಿಸ್ಕಿನ ವಿವರಣಾಪತ್ರದಲ್ಲಿ 3 ಲಕ್ಷ ಅಥವಾ 6 ಲಕ್ಷ ಎಂದು ಮಿತಿ ಕೊಟ್ಟಿರುತ್ತಾರೆ. ಸಿ0 ಪವರ್ ಹಠಾತ್ತನೆ ಹೋದಾಗ ಹೆಡ್ಡುಗಳು ತುರ್ತಾಗಿ ಹಿಂದೆ ಸರಿದ ಲೆಕ್ಕ. ಇದು ಆನ್-ಆಫ್ ಲೆಕ್ಕವಾದ 0ಸಿ ಸಾಲಿನ ಹತ್ತಿರ ಹತ್ತಿರ ಇದ್ದರೆ ಆ ಮನೆಯಲ್ಲಿ ಯಾರೂ ಸರಿಯಾಗಿ ಶಟ್‌ಡೌನ್ ಮಾಡುತ್ತಿಲ್ಲ, ಅಥವಾ ಯುಪಿಎಸ್ ಬ್ಯಾಟರಿ ಸತ್ತಿದೆ. ಆದರೆ ಕೆಲವು ಕಂಪನಿಗಳ ಡಿಸ್ಕುಗಳು ಇದನ್ನು ಬೇರೆ ರೀತಿಯಲ್ಲೂ ಲೆಕ್ಕ ಹಾಕುವುದರಿಂದ ಸುಳಿವು ಎಂದು ಮಾತ್ರ ತೆಗೆದುಕೊಳ್ಳಿ. 0ಎ ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೇನಿದ್ದರೂ ಮೋಟಾರು ಒಂದೇ ಸಲಕ್ಕೆ ವೇಗ ಹಿಡಿಯಲಿಲ್ಲ ಎಂದರ್ಥ, ಮೊದಲು ಪವರ್ ಸಪ್ಲೈ ಬದಲಿಸಿ ನೋಡಿ.

ಸೀಗೇಟ್ ಡಿಸ್ಕಿನ 01 ಮತ್ತು 07 ಸಾಲುಗಳಲ್ಲಿ ಕೋಟಿಗಟ್ಟಲೆ ಅಂಕಿ ಕಂಡು ಗಾಬರಿಯಾಗಬೇಡಿ. ಅದರಲ್ಲಿ ಒಟ್ಟು ಕಾರ್ಯಾಚರಣೆಗಳ ಸಂಖ್ಯೆ ಮತ್ತು ತಪ್ಪುಗಳ ಸಂಖ್ಯೆ ಎರಡನ್ನೂ ಒಂದೇ ಅಂಕಿಯಲ್ಲಿ ಹೆಣೆದಿರುತ್ತಾರೆ. ಹೊಸ ಡಿಸ್ಕಿನಲ್ಲೂ ಹಾಗೇ ಇರುತ್ತದೆ.

ಸ್ವಯಂ ಪರೀಕ್ಷೆ ಮತ್ತು ಓದಿಸುವ ಸ್ಕ್ಯಾನ್

ಪ್ರತಿ ಡಿಸ್ಕಿನೊಳಗೆ ತನ್ನದೇ ಪರೀಕ್ಷೆಯ ವ್ಯವಸ್ಥೆ ಇದೆ. ಜಿಸ್ಮಾರ್ಟ್‌ಕಂಟ್ರೋಲ್‌ನಲ್ಲಿ ಡಿಸ್ಕಿನ ಮೇಲೆ ಎರಡು ಸಲ ಒತ್ತಿ ಸೆಲ್ಫ್ ಟೆಸ್ಟ್ ಟ್ಯಾಬ್‌ಗೆ ಹೋದರೆ ಶಾರ್ಟ್ ಮತ್ತು ಎಕ್ಸ್‌ಟೆಂಡೆಡ್ ಸಿಗುತ್ತವೆ. ಶಾರ್ಟ್ ಎರಡು ನಿಮಿಷದ ಕೆಲಸ, ಇದರಲ್ಲೇ ಬಿದ್ದರೆ ಮುಂದೆ ಹೋಗುವುದೇ ಬೇಡ. ಎಕ್ಸ್‌ಟೆಂಡೆಡ್ ಇಡೀ ಮೇಲ್ಮೈ ಓದುತ್ತದೆ, 1 ಟಿಬಿಗೆ ಎರಡು-ಮೂರು ಗಂಟೆ. ಡೇಟಾಕ್ಕೆ ಏನೂ ಆಗುವುದಿಲ್ಲ. 'ರೀಡ್ ಫೇಲ್ಯೂರ್' ಎಂದು ನಿಂತರೆ ಮೊದಲ ಎರರ್ ಸಿಕ್ಕಿದ ವಿಳಾಸವನ್ನೂ ಕೊಡುತ್ತದೆ, ಬರೆದಿಟ್ಟುಕೊಳ್ಳಿ.

ಯುಎಸ್‌ಬಿ ಡಿಸ್ಕಿನಲ್ಲಿ ಎಕ್ಸ್‌ಟೆಂಡೆಡ್ ಪರೀಕ್ಷೆ 10 ಅಥವಾ 20 ಶೇಕಡಕ್ಕೆ ಬಂದು ಮತ್ತೆ ಮತ್ತೆ ರದ್ದಾಗುತ್ತಿದ್ದರೆ ತಪ್ಪು ಡಿಸ್ಕಿನದಲ್ಲ. ಪರೀಕ್ಷೆ ಡಿಸ್ಕಿನ ಒಳಗೇ ನಡೆಯುವುದರಿಂದ ಹೊರಗಿನ ಯುಎಸ್‌ಬಿ ಬೋರ್ಡಿಗೆ ಯಾರೂ ಕೆಲಸ ಮಾಡುತ್ತಿಲ್ಲ ಎನಿಸಿ ಡಿಸ್ಕನ್ನು ಮಲಗಿಸಿಬಿಡುತ್ತದೆ. ವಿಂಡೋಸ್ ಪವರ್ ಪ್ಲಾನ್‌ನಲ್ಲಿ ಹಾರ್ಡ್‌ಡಿಸ್ಕ್ ಆಫ್ ಮಾಡುವ ಸಮಯವನ್ನು ಸೊನ್ನೆಗೆ ಹಾಕಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸಿ. ಆಗಲೂ ಮಲಗಿದರೆ ಡಿಸ್ಕನ್ನು ಬಿಚ್ಚಿ ನೇರ ಸಾಟಾಗೆ ಹಾಕಿ.

ಓದಿಸುವ ಸ್ಕ್ಯಾನಿಗೆ ವಿಂಡೋಸ್‌ನಲ್ಲಿ ಓಡುವ ವಿಕ್ಟೋರಿಯಾ ಎಂಬ ಸಾಫ್ಟ್‌ವೇರ್ ಚೆನ್ನಾಗಿದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಸರಿಯಾದ ಡಿಸ್ಕನ್ನು ಆರಿಸಿ, ಪರೀಕ್ಷೆಯ ಟ್ಯಾಬ್‌ನಲ್ಲಿ 'ರೀಡ್' ಮತ್ತು 'ಇಗ್ನೋರ್' ಎರಡನ್ನು ಮಾತ್ರ ಗುರುತು ಮಾಡಿ ಶುರುಮಾಡಿ. ಪಕ್ಕದಲ್ಲೇ 'ಎರೇಸ್', 'ರೈಟ್', 'ರೀಮ್ಯಾಪ್', 'ರಿಫ್ರೆಶ್' ಇವೆ. ಎರೇಸ್, ರೈಟ್ ಎರಡೂ ಡೇಟಾ ಅಳಿಸುವಂಥವು, ಉಳಿದೆರಡೂ ಡಿಸ್ಕಿಗೆ ಬರೆಯುವಂಥವು. ಓದುವ ಸ್ಕ್ಯಾನ್‌ನಲ್ಲಿ ಇವು ಯಾವುವೂ ಬೇಡ.

ನಿಮಿಷಕ್ಕೆ 7,200 ಸುತ್ತು ತಿರುಗುವ 1 ಟಿಬಿ ಡಿಸ್ಕು ಸೆಕೆಂಡಿಗೆ 180-200 ಎಂಬಿಯಲ್ಲಿ ಹೊರಟು ಕೊನೆಯಲ್ಲಿ 90-100ಕ್ಕೆ ಇಳಿಯುತ್ತದೆ. ಹೊರ ಸುತ್ತು ಉದ್ದ, ಒಳ ಸುತ್ತು ಗಿಡ್ಡ, ಆದ್ದರಿಂದ ಈ ಇಳಿಜಾರು ಸಹಜ. ಗ್ರಾಫ್ ನಯವಾಗಿ ಇಳಿಯಬೇಕು, ಅಷ್ಟೇ. ನಡುವೆ ಗುಂಡಿ ಬಿದ್ದಂತೆ ಕಂಡರೆ, ಕಿತ್ತಳೆ ಅಥವಾ ಕೆಂಪು ಬ್ಲಾಕುಗಳು ಬಂದರೆ, ವಿಳಾಸ ಬರೆದುಕೊಂಡು ಆ ಭಾಗವನ್ನು ಮಾತ್ರ ಮತ್ತೆ ಸ್ಕ್ಯಾನ್ ಮಾಡಿ. ಅದೇ ಜಾಗದಲ್ಲಿ ಮತ್ತೆ ಬಂದರೆ ಮೇಲ್ಮೈ ಬಳಲಿದೆ. ಬೇರೆ ಜಾಗದಲ್ಲಿ ಬಂದರೆ ಹಿನ್ನೆಲೆಯಲ್ಲಿ ವಿಂಡೋಸ್ ಆ ಡಿಸ್ಕನ್ನು ಮುಟ್ಟಿರಬೇಕು, ಇಲ್ಲವೇ ಕೇಬಲ್. ವೇಗ ಮೊದಲಿಂದ ಕೊನೆ ತನಕ 35 ಎಂಬಿಯಲ್ಲೇ ಚಪ್ಪಟೆಯಾಗಿ ನಿಂತಿದ್ದರೆ ಯುಎಸ್‌ಬಿ 2 ಪೋರ್ಟಿನಲ್ಲಿದ್ದೀರಿ. ಹಾಗೆ ಬಿಟ್ಟರೆ 1 ಟಿಬಿಗೆ ಎಂಟು ಗಂಟೆ.

ಸ್ಕ್ಯಾನ್ ಮುಗಿದ ಮೇಲೆ ಅದರಲ್ಲೇ ಇರುವ ರ್‍ಯಾಂಡಮ್ ಓದುವಿಕೆಯನ್ನು ಅರ್ಧ ಗಂಟೆಯಿಂದ ಒಂದು ಗಂಟೆ ಓಡಿಸಿ. ಹೆಡ್ಡುಗಳು ಅತ್ತಿಂದಿತ್ತ ಹಾರುವುದರಿಂದ ಬಿಸಿ ಏರುತ್ತದೆ, ಹೆಡ್ಡಿನ ತೋಳಿನಲ್ಲಿ ದೋಷವಿದ್ದರೆ ಇಲ್ಲೇ ಶಬ್ದ ಮಾಡುತ್ತದೆ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಓಡಿಸಿ ಪರೀಕ್ಷೆ ಆಯಿತೆನ್ನುವವರಿದ್ದಾರೆ. ಅದು ಒಂದು ಜಿಬಿಯಷ್ಟು ಜಾಗದಲ್ಲಿ ವೇಗ ಅಳೆಯುತ್ತದೆ, ಉಳಿದ ಡಿಸ್ಕನ್ನು ಮುಟ್ಟುವುದೂ ಇಲ್ಲ.

ಪೂರ್ತಿ ಬರೆಸಿ ನೋಡುವುದು

ಇಲ್ಲಿಂದ ಮುಂದೆ ಡಿಸ್ಕಿನಲ್ಲಿರುವುದೆಲ್ಲ ಅಳಿಯುತ್ತದೆ. ಹೊಸ ಡಿಸ್ಕು, ಸೆಕೆಂಡ್ ಹ್ಯಾಂಡ್ ಡಿಸ್ಕು, ಅಥವಾ ಕಾಪಿ ಮಾಡಿ ಮುಗಿಸಿದ ಅನುಮಾನದ ಡಿಸ್ಕಿಗೆ ಮಾತ್ರ. ಮಿಕ್ಕ ಡಿಸ್ಕುಗಳನ್ನೆಲ್ಲ ಕಂಪ್ಯೂಟರಿನಿಂದ ಕಳಚಿಡಿ. ಕಳಚಲಾಗದಿದ್ದರೆ ಡ್ರೈವಿನ ಅಕ್ಷರ ನೋಡಿ ಆರಿಸಬೇಡಿ, ಸೀರಿಯಲ್ ನಂಬರ್ ನೋಡಿ ಆರಿಸಿ. ಲಿನಕ್ಸ್‌ನಲ್ಲಿ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ರೀಸ್ಟಾರ್ಟ್ ಮಾಡಿದಾಗ ಅದಲುಬದಲಾಗುತ್ತವೆ.

ವಿಂಡೋಸ್ ಬಿಟ್ಟು ಬರಲಾಗದವರಿಗೆ ಸರಳ ದಾರಿ ಪೂರ್ತಿ ಫಾರ್ಮ್ಯಾಟ್. 'ಕ್ವಿಕ್ ಫಾರ್ಮ್ಯಾಟ್' ಗುರುತನ್ನು ತೆಗೆದರೆ ವಿಸ್ಟಾದಿಂದ ಈಚೆಗಿನ ವಿಂಡೋಸ್‌ಗಳು ಇಡೀ ಭಾಗಕ್ಕೆ ಸೊನ್ನೆ ಬರೆಯುತ್ತವೆ. ಡಿಸ್ಕ್‌ಪಾರ್ಟ್‌ನ 'ಕ್ಲೀನ್ ಆಲ್' ಇಡೀ ಡಿಸ್ಕಿಗೇ ಬರೆಯುತ್ತದೆ. ಆದರೆ ಬರೆದದ್ದನ್ನೆಲ್ಲ ಓದಿ ತಾಳೆ ನೋಡುವ ಕೆಲಸ ಇವುಗಳಿಂದ ಆಗದು, ಅದಕ್ಕೆ ಆಮೇಲೆ ವಿಕ್ಟೋರಿಯಾದಲ್ಲಿ ಓದಿಸಬೇಕು. ದುಡ್ಡು ಕೊಡುವುದಾದರೆ ಹಾರ್ಡ್ ಡಿಸ್ಕ್ ಸೆಂಟಿನೆಲ್‌ನಲ್ಲಿ ಬರೆದು-ಓದುವ ಪರೀಕ್ಷೆ, ಬಿಸಿಯ ಎಚ್ಚರಿಕೆ ಎಲ್ಲ ಒಟ್ಟಿಗೇ ಸಿಗುತ್ತದೆ.

ನಮ್ಮ ಆಯ್ಕೆ ಲಿನಕ್ಸ್‌ನ ಬ್ಯಾಡ್‌ಬ್ಲಾಕ್ಸ್ ಎಂಬ ಕಮಾಂಡ್. ಇದರ ಆಯ್ಕೆಗಳು: ಡಬ್ಲ್ಯೂ ಎಂದರೆ ಬರೆದು ಪರೀಕ್ಷಿಸು, ಎಸ್ ಎಂದರೆ ಎಷ್ಟಾಯಿತೆಂದು ತೋರಿಸು, ವಿ ಎಂದರೆ ಎರರ್‌ಗಳನ್ನು ವಿವರವಾಗಿ ಹೇಳು, ಬಿ ಮುಂದೆ 4096 ಎಂದು ಬ್ಲಾಕ್ ಅಳತೆ. ಈ ಅಳತೆಯನ್ನು ಮರೆತರೆ ಅದು 1024 ಎಂದು ಹಿಡಿಯುತ್ತದೆ, ಸುಮಾರು 4.4 ಟಿಬಿಗಿಂತ ದೊಡ್ಡ ಡಿಸ್ಕಿನಲ್ಲಿ ಬ್ಲಾಕುಗಳ ಸಂಖ್ಯೆ ಅದರ ಮಿತಿ ಮೀರಿ ಶುರುವಾಗುವುದೇ ಇಲ್ಲ. 18 ಟಿಬಿಗೆ 8192 ಬೇಕು.

ಏನೂ ಹೇಳದಿದ್ದರೆ ಅದು ನಾಲ್ಕು ಮಾದರಿಗಳನ್ನು ಒಂದಾದಮೇಲೊಂದು ಬರೆದು ಓದುತ್ತದೆ: ಎಎ, 55, ಎಫ್‌ಎಫ್, 00. ಮೊದಲ ಎರಡು ಒಂದಕ್ಕೊಂದು ತಿರುವುಮುರುವಾದ ಬಿಟ್‌ಗಳು. ಒಟ್ಟು ಎಂಟು ಸಲ ಡಿಸ್ಕಿನ ತುದಿಯಿಂದ ತುದಿಗೆ ಓಡಾಟ. 1 ಟಿಬಿಗೆ 16ರಿಂದ 20 ಗಂಟೆ, 4 ಟಿಬಿಗೆ ಮೂರು ದಿನದ ಹತ್ತಿರ. ಮಳೆಗಾಲದಲ್ಲಿ ಅಷ್ಟು ಹೊತ್ತು ಕರೆಂಟನ್ನು ನಂಬಲಾಗದು. ಅದಕ್ಕೇ ಟಿ ಆಯ್ಕೆ ಕೊಟ್ಟು ಒಂದು ಸಲಕ್ಕೆ ಒಂದೇ ಮಾದರಿ ಓಡಿಸಿ. 1 ಟಿಬಿಗೆ ಒಂದು ಮಾದರಿ ನಾಲ್ಕೈದು ಗಂಟೆಯಲ್ಲಿ ಮುಗಿಯುತ್ತದೆ, ಬೆಳಿಗ್ಗೆ ಒಂದು ಸಂಜೆ ಒಂದು ಎಂದರೂ ಎರಡು ದಿನ. ಪ್ರತಿ ಮಾದರಿ ಮುಗಿದಾಗಲೂ ಸ್ಮಾರ್ಟ್ ಅಂಕಿಗಳನ್ನು ಬರೆದುಕೊಳ್ಳುವ ಅವಕಾಶವೂ ಸಿಗುತ್ತದೆ, ನಿಜ ಹೇಳಬೇಕೆಂದರೆ ಇದೇ ದೊಡ್ಡ ಲಾಭ. ನಡುವೆ ನಿಂತರೆ ಮುಂದಿನ ಬ್ಲಾಕಿನಿಂದ ಶುರುಮಾಡಬಹುದು, ಆದರೆ ಕಮಾಂಡಿನ ಕೊನೆಯಲ್ಲಿ ಮೊದಲು ಕೊನೆಯ ಬ್ಲಾಕ್, ಆಮೇಲೆ ಆರಂಭದ ಬ್ಲಾಕ್ ಬರೆಯಬೇಕು. ಈ ಕ್ರಮ ತಿರುವುಮುರುವಾಗಿದೆ ಎಂದು ನೆನಪಿರಲಿ.

ಡಿಸ್ಕು ಎಸ್‌ಎಂಆರ್ ಬಗೆಯದೋ ಅಲ್ಲವೋ ಎಂದು ಮೊದಲೇ ಇಂಟರ್ನೆಟ್‌ನಲ್ಲಿ ಮಾಡೆಲ್ ನಂಬರ್ ಹಾಕಿ ನೋಡಿ. ಅದರಲ್ಲಿ ಟ್ರ್ಯಾಕುಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅಂಚು ಹಾಯ್ದಿರುತ್ತವೆ. ಇದ್ದ ಡೇಟಾದ ಮೇಲೆ ಬಹಳ ಹೊತ್ತು ಬರೆಯುತ್ತಲೇ ಇದ್ದರೆ ಒಳಗಿನ ಕ್ಯಾಶ್ ತುಂಬಿ ವೇಗ 20-30 ಎಂಬಿಗೆ ಕುಸಿಯಬಹುದು. ಬರೆಯುವಾಗ ಮಾತ್ರ ಹೀಗಾಗಿ, ಓದುವಾಗ ಸರಿಯಿದ್ದು, 05 ಮತ್ತು ಸಿ5 ಕದಲದಿದ್ದರೆ ಅದು ದೋಷವಲ್ಲ, ಆ ಬಗೆಯ ಸ್ವಭಾವ. ಈಗಿನ 2.5 ಇಂಚಿನ 1 ಮತ್ತು 2 ಟಿಬಿ ಡಿಸ್ಕುಗಳಲ್ಲಿ ಬಹಳಷ್ಟು ಇಂಥವೇ.

ತೀರ್ಮಾನ

ಉದಾಹರಣೆಗೆ ಒಂದು 1 ಟಿಬಿ ಡಿಸ್ಕು ತೆಗೆದುಕೊಳ್ಳಿ. ಪರೀಕ್ಷೆಗೆ ಮುಂಚೆ 05 ಸೊನ್ನೆ, ಸಿ5 16, ಸಿ7 12. ಮೊದಲ ಮಾದರಿ ಬರೆದಮೇಲೆ 05 ಸೊನ್ನೆ, ಸಿ5 ಸೊನ್ನೆ, ಸಿ7 12. ಎರಡನೆಯ ಮಾದರಿಗೂ ಹಾಗೇ ಉಳಿದರೆ ಆ ಹದಿನಾರು ಕರೆಂಟು ಹೋದಾಗಿನ ಗಾಯ. ಡಿಸ್ಕು ಬಳಸಬಹುದು, ಮನೆಯ ಯುಪಿಎಸ್ ನೋಡಿಸಿ. ಅದೇ ಮೊದಲ ಮಾದರಿಯಲ್ಲಿ 05 8ಕ್ಕೆ ಬಂದು, ಉಳಿದ ಮೂರರಲ್ಲೂ 8ರಲ್ಲೇ ನಿಂತರೆ, ಸಿನಿಮಾ, ಹಾಡು ಹಾಕಿಕೊಳ್ಳಲು, ಎರಡನೆಯ ಕಾಪಿ ಇಡಲು ಆದೀತು, ಸ್ಟುಡಿಯೊದ ಒರಿಜಿನಲ್ ಫೋಟೊಗೆ ಬೇಡ. 8, 24, 64 ಎಂದು ಪ್ರತಿ ಸುತ್ತಿಗೂ ಏರುತ್ತ ಹೋದರೆ ಉಳಿದ ಸುತ್ತುಗಳನ್ನು ಓಡಿಸುವ ಅಗತ್ಯವೂ ಇಲ್ಲ. ಒಳಗೆ ಪದರ ಏಳುತ್ತಿದೆ ಅಥವಾ ಹೆಡ್ಡು ಸೋತಿದೆ. ಸಿ7 ಮಾತ್ರ ಏರಿದರೆ ಕೇಬಲ್, ಪೋರ್ಟ್ ಎರಡನ್ನೂ ಬದಲಿಸಿ ಮತ್ತೊಂದು ಸುತ್ತು. ಬ್ಯಾಡ್‌ಬ್ಲಾಕ್ಸ್ ಒಂದೇ ಒಂದು ತಾಳೆಯ ತಪ್ಪು ತೋರಿಸಿ, ಸ್ಮಾರ್ಟ್ ಅಂಕಿಗಳು ಕದಲದೇ ಇದ್ದರೆ ಕಂಪ್ಯೂಟರಿನ ರ್‍ಯಾಮ್ ಪರೀಕ್ಷಿಸಿ. ಕೆಟ್ಟ ರ್‍ಯಾಮ್ ಒಳ್ಳೆಯ ಡಿಸ್ಕಿನ ಮೇಲೆ ಅಪವಾದ ಹೊರಿಸುವುದುಂಟು.

ವಾರಂಟಿಯಲ್ಲಿದ್ದರೆ ಕಂಪನಿಯದೇ ಸಾಫ್ಟ್‌ವೇರ್, ಅಂದರೆ ಸೀಗೇಟ್‌ಗೆ ಸೀಟೂಲ್ಸ್, ವೆಸ್ಟರ್ನ್ ಡಿಜಿಟಲ್‌ಗೆ ಅವರದೇ ಪರೀಕ್ಷೆಯ ಸಾಫ್ಟ್‌ವೇರ್, ಅದರಲ್ಲೂ ಒಂದು ಪರೀಕ್ಷೆ ಮಾಡಿ ಫಲಿತಾಂಶದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕ್ಲೇಮ್ ಮಾಡುವಾಗ ಮಾತು ಕಡಿಮೆಯಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ, ಹೊಸದೆಂದು ಅತಿ ಅಗ್ಗಕ್ಕೆ ಸಿಕ್ಕಾಗಲೂ, 09ರ ಗಂಟೆಯನ್ನಷ್ಟೇ ನಂಬಬೇಡಿ, ಅದನ್ನು ಸೊನ್ನೆಗೆ ತಿರುಗಿಸುವವರಿದ್ದಾರೆ. 2025ರ ಆರಂಭದಲ್ಲಿ ಯೂರೋಪಿನಲ್ಲಿ ಬಳಸಿದ ಸೀಗೇಟ್ ಡಿಸ್ಕುಗಳನ್ನು ಹೀಗೆ ಹೊಸದೆಂದು ಮಾರಿದ್ದು ಬಯಲಾಯಿತು. ಪತ್ತೆಯಾದದ್ದು ಫಾರ್ಮ್ ಎಂಬ ಬೇರೆಯೇ ಲಾಗ್‌ನಿಂದ. ಅದರಲ್ಲಿ ನಿಜವಾದ ಗಂಟೆ ಉಳಿದಿತ್ತು. ಸ್ಮಾರ್ಟ್‌ಮಾನ್‌ಟೂಲ್ಸ್ 7.4 ಮತ್ತು ಮುಂದಿನ ಆವೃತ್ತಿಗಳು ಅದನ್ನು ಓದುತ್ತವೆ. ಎರಡು ಗಂಟೆಗಳೂ ಹೊಂದದಿದ್ದರೆ ವಾಪಸ್ ಕೊಡಿ.

ಎಸ್‌ಎಸ್‌ಡಿಗೆ ಈ ಬರೆಯುವ ಪರೀಕ್ಷೆ ಬೇಡ. ಪ್ರತಿ ಬರಹವೂ ಅದರ ಆಯುಸ್ಸನ್ನು ತಿನ್ನುತ್ತದೆ. ಶೇಕಡಾ ಎಷ್ಟು ಸವೆದಿದೆ, ಬದಲಿ ಜಾಗ ಎಷ್ಟು ಉಳಿದಿದೆ ಎಂಬ ಸಾಲುಗಳನ್ನು ನೋಡಿದರೆ ಸಾಕು. ಕೆಪಾಸಿಟಿ ಸುಳ್ಳೆಂಬ ಅನುಮಾನವಿದ್ದರೆ ಮಾತ್ರ ಒಂದು ಸಲ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ, ಅದು ಇಡೀ ಜಾಗಕ್ಕೆ ಬರೆದು ಓದಿ ತಾಳೆ ನೋಡುವ ಸಾಫ್ಟ್‌ವೇರ್. ಪೆನ್‌ಡ್ರೈವ್‌ಗೂ ಅದೇ.

ಕೆಲಸಕ್ಕೆ ಹಾಕಿದ ಮೇಲೆ

ಕ್ರಿಸ್ಟಲ್‌ಡಿಸ್ಕ್‌ಇನ್ಫೋದ 'ಫಂಕ್ಷನ್' ಮೆನುವಿನಲ್ಲಿ 'ರೆಸಿಡೆಂಟ್' ಮತ್ತು 'ಸ್ಟಾರ್ಟಪ್' ಎರಡನ್ನೂ ಗುರುತು ಮಾಡಿದರೆ ಅದು ಗಡಿಯಾರದ ಪಕ್ಕ ಕೂತು ಬಿಸಿ ತೋರಿಸುತ್ತಿರುತ್ತದೆ. ಅದೇ ಮೆನುವಿನ 'ಗ್ರಾಫ್' ಹಳೆಯ ಅಂಕಿಗಳನ್ನು ಗೆರೆಯಾಗಿ ತೋರಿಸುತ್ತದೆ. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ 05, ಸಿ5, ಸಿ6, ಸಿ7 ನೋಡಿ. ಎಕ್ಸ್‌ಟೆಂಡೆಡ್ ಪರೀಕ್ಷೆ ಮೂರು ತಿಂಗಳಿಗೊಮ್ಮೆ. ಮಳೆಗಾಲ ಮುಗಿದ ಮೇಲೆ ಒಂದು ಸಲ ತಪ್ಪಿಸಬೇಡಿ.

ಡಿವಿಆರ್‌ನಲ್ಲಿ ಸಾಫ್ಟ್‌ವೇರ್ ಹಾಕಲಾಗದು, ಆದರೆ ಬಹಳಷ್ಟು ಡಿವಿಆರ್‌ಗಳ ಮೆನುವಿನಲ್ಲೇ ಎಚ್‌ಡಿಡಿ ವಿಭಾಗದೊಳಗೆ ಸ್ಮಾರ್ಟ್ ಪುಟವಿದೆ. ಹೋಂಸ್ಟೇಯಲ್ಲಿ ಡಿವಿಆರ್ ಇನ್ವರ್ಟರ್ ಬ್ಯಾಟರಿ ಪಕ್ಕ, ಬಾಗಿಲು ಮುಚ್ಚಿದ ಕಪಾಟಿನಲ್ಲಿದ್ದರೆ ಮೊದಲು ಅಲ್ಲಿಂದ ಎತ್ತಿ. ಅಲ್ಲಿ ಬಿಸಿಯೂ ಇದೆ, ಬ್ಯಾಟರಿಯ ಆಸಿಡ್ ಹಬೆಯೂ ಇದೆ, ಹಬೆ ಪಿನ್ನುಗಳನ್ನು ತಿನ್ನುತ್ತದೆ. ಪರೀಕ್ಷೆಗೆಂದು ಡಿವಿಆರ್ ಡಿಸ್ಕನ್ನು ವಿಂಡೋಸ್‌ಗೆ ಹಾಕಿದಾಗ 'ಇನಿಶಿಯಲೈಸ್ ಮಾಡಬೇಕೆ' ಅಥವಾ 'ಫಾರ್ಮ್ಯಾಟ್ ಮಾಡಬೇಕೆ' ಎಂದು ಕೇಳುತ್ತದೆ. ಡಿವಿಆರ್‌ನ ಫೈಲ್ ಸಿಸ್ಟಮ್ ವಿಂಡೋಸ್‌ಗೆ ತಿಳಿಯದು, ಅದಕ್ಕೆ ಆ ಪ್ರಶ್ನೆ. ಕ್ಯಾನ್ಸಲ್ ಒತ್ತಿ. ಓಕೆ ಒತ್ತಿದರೆ ಪೊಲೀಸರು ಕೇಳಿದ ದಿನದ ರೆಕಾರ್ಡಿಂಗ್ ಹೋಯಿತೆಂದೇ ಲೆಕ್ಕ. ಕ್ಯಾನ್ಸಲ್ ಮಾಡಿದಮೇಲೂ ಸ್ಮಾರ್ಟ್ ಅಂಕಿಗಳು, ಎಕ್ಸ್‌ಟೆಂಡೆಡ್ ಪರೀಕ್ಷೆ, ವಿಕ್ಟೋರಿಯಾದ ಓದುವ ಸ್ಕ್ಯಾನ್ ಮೂರೂ ಎಂದಿನಂತೆ ನಡೆಯುತ್ತವೆ. ತೆಗೆಯುವಾಗ ಪವರ್ ಆಫ್ ಮಾಡಿ ಇಪ್ಪತ್ತು ಸೆಕೆಂಡ್ ಬಿಟ್ಟು, ತಟ್ಟೆಗಳು ಪೂರ್ತಿ ನಿಂತಮೇಲೆ ಕೈಯಲ್ಲಿ ಎತ್ತಿಕೊಳ್ಳಿ.